ತಾಸಿಕಾ ಚಪ್ಪಲಿ, ತಾಸಿಕಾ ಮಳೆ, ತಾಸಿಕಾ ನಾನು

ಬಾಳಿಕೆ ಬಾರದ ಸಾಮಾನಿಗೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಿಶೇಷಣ ಇರುತ್ತದೆ. ಕೆಲವರು ಡುಪ್ಲಿಕೇಟ್ ಎನ್ನುತ್ತಾರೆ, ಕೆಲವರು ಬೋಗಸ್ ಎನ್ನುತ್ತಾರೆ, ಪೇಟೆಯಲ್ಲಿ ವ್ಯಾಪಾರ ಕಲಿತವರು ಗ್ಯಾರಂಟಿ ಇಲ್ಲದ ಮಾಲು ಎಂದು ಮೊದಲೇ ಕೈ ತೊಳೆದುಕೊಳ್ಳುತ್ತಾರೆ. ಓದಿಕೊಂಡವರು ತಾತ್ಕಾಲಿಕ ಎಂದು ಬರೆಯುತ್ತಾರೆ. ಪ್ರವಚನ ಹೇಳುವವರು ಕ್ಷಣಭಂಗುರ ಎಂದು ಹೇಳಿ ಕಣ್ಣು ಮುಚ್ಚುತ್ತಾರೆ. ನಮ್ಮ ಮನೆಯಲ್ಲಿ ಇವು ಯಾವುವೂ ನಡೆಯುವುದಿಲ್ಲ. ನಮ್ಮಲ್ಲಿ ಉಂಗುಷ್ಟ ಕಿತ್ತ ಚಪ್ಪಲಿ, ಸೋರುವ ಕೊಡ, ಒಂದೇ ಹಬ್ಬಕ್ಕೆ ಬಣ್ಣ ಬಿಟ್ಟ ಸೀರೆ, ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುವ ಪಲ್ಯ, ಎಲ್ಲಕ್ಕೂ ಒಂದೇ ಮಾತು: ತಾಸಿಕಾ. ಈ ವಿಶೇಷಣವನ್ನು ಚಾಲ್ತಿಗೆ ತಂದವಳು ನನ್ನ ಅವ್ವ. ಅದಕ್ಕೆ ಕಾರಣನಾದವನು ನಾನು. ಭಾಷೆಗೆ ನಮ್ಮ ಮನೆತನದಿಂದ ಸಂದ ಕಾಣಿಕೆ ಇದೊಂದೇ. ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳಬೇಕೋ ಮುಖ ಮುಚ್ಚಿಕೊಂಡು ಹೇಳಬೇಕೋ ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ.

ನಾನು ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡ ಊರು ಉಟಗಿಯವನು. ನಮ್ಮದು ಕುರಿ ಕಾಯುವ ಮನೆ. ನನ್ನ ಅಪ್ಪನಿಗೂ ಅವನ ಅಪ್ಪನಿಗೂ ಕಾಗದದ ಜೊತೆ ಸಂಬಂಧ ಬಂದದ್ದು ಹೆಬ್ಬೆಟ್ಟು ಒತ್ತುವಾಗ ಮಾತ್ರ. ಇಂಥ ಮನೆಯಲ್ಲಿ ಹುಟ್ಟಿ, ಊರಿನ ಕನ್ನಡ ಸಾಲಿಯಲ್ಲಿ ಅಕ್ಷರ ಕಲಿತು, ಮುಂದೆ ಮರಾಠಿಯಲ್ಲಿ ಒದ್ದಾಡಿ, ಎಸ್‌ಟಿ ಬಸ್ಸಿನಲ್ಲಿ ಕೂರಲು ಜಾಗ ಸಿಗದೆ ನಿಂತುಕೊಂಡೇ ಬಿ.ಎ. ಮುಗಿಸಿದವನು ನಾನು. ಅದು ಸಾಲದೆಂದು ಇತಿಹಾಸದಲ್ಲಿ ಎಂ.ಎ. ಕೂಡ ಮಾಡಿದೆ. ನಮ್ಮ ವಂಶದಲ್ಲಿ ನಾನೇ ಮೊದಲ ಪದವೀಧರ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪವೂ ಸಂಕೋಚವಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಪದವಿ ತೆಗೆದುಕೊಂಡ ದಿನ ಕರಿ ನಿಲುವಂಗಿ ತೊಟ್ಟು ತೆಗೆಸಿಕೊಂಡ ಫೋಟೋವನ್ನು ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, "ಕಂಬಳಿ ಚಲೋ ಐತಿ. ಎಲ್ಲಿ ತಗೊಂಡಿ?" ಎಂದು ಕೇಳಿದ. ತಗೊಂಡಿಲ್ಲ, ಫೋಟೋ ಆದಮೇಲೆ ವಾಪಸು ಕೊಡಬೇಕಾಯಿತು ಎಂದೆ. "ಅಷ್ಟ ವರ್ಷ ಓದಿಸಿ ಕಂಬಳೀನೂ ಕಸಗೊಂಡ್ರ?" ಎಂದು ಅಪ್ಪ ಕುರಿಗಳತ್ತ ಹೋದ. ಅಪ್ಪ ಮಾತು ಕಡಿಮೆ ಆಡುವ ಮನುಷ್ಯ. ಆದರೆ ಆಡಿದ ಮಾತು ನಾಲ್ಕು ದಿನ ನಿದ್ದೆ ಕೆಡಿಸುತ್ತದೆ.

ಆಮೇಲೆ ನೌಕರಿ. ತಾಲೂಕಿನ ಒಂದು ಕಾಲೇಜಿನಲ್ಲಿ ನನಗೆ ತಾಸಿಕಾ ತತ್ತ್ವದ ಮೇಲೆ ಪ್ರಾಧ್ಯಾಪಕನ ಹುದ್ದೆ ಸಿಕ್ಕಿತು. ಮಹಾರಾಷ್ಟ್ರದ ಹೊರಗಿನ ಓದುಗರಿಗೆ ಈ ತತ್ತ್ವವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಯಾವ ಶಾಸ್ತ್ರದಲ್ಲೂ ಬರುವ ತತ್ತ್ವವಲ್ಲ. ಒಂದು ತಾಸು ಪಾಠ ಮಾಡಿದರೆ ಒಂದು ತಾಸಿನ ಸಂಬಳ. ಪಾಠ ಇಲ್ಲದಿದ್ದರೆ ನೀವೂ ಇಲ್ಲ. ಗಣಪತಿ ಹಬ್ಬದ ರಜೆ ಬಂದರೆ ಊರೆಲ್ಲ ಕುಣಿಯುತ್ತದೆ, ನೀವು ಮಾತ್ರ ಗಣಪತಿಯ ಮುಖವನ್ನು ಸಂಶಯದಿಂದ ನೋಡುತ್ತೀರಿ. ಜೂನ್ ಕಳೆದ ಮೇಲೆ ಆದೇಶ ಹುಟ್ಟುತ್ತದೆ, ಪರೀಕ್ಷೆ ಹತ್ತಿರ ಬಂದಂತೆ ಬಾಡುತ್ತದೆ, ಬೇಸಿಗೆಯಲ್ಲಿ ತಾನಾಗಿಯೇ ಸಾಯುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಅರ್ಜಿ, ಮತ್ತೆ ಸಂದರ್ಶನ. ಹೋದ ವರ್ಷ ಯಾವ ಹಿರಿಯರ ಜೊತೆ ದಿನಾಲೂ ಚಹಾ ಕುಡಿದಿದ್ದೆನೋ ಅವರೇ ಮೇಜಿನ ಆಚೆ ಕೂತು ಗಂಭೀರವಾಗಿ, "ನಿಮ್ಮ ಹೆಸರೇನು?" ಎಂದು ಕೇಳುತ್ತಾರೆ. ನಾನೂ ಅಷ್ಟೇ ಗಂಭೀರವಾಗಿ ಹೇಳುತ್ತೇನೆ.

ಮೊದಲ ವರ್ಷ ಬೇಸಿಗೆಯಲ್ಲಿ ನಾನು ಮನೆಯಲ್ಲಿ ಕೂತದ್ದನ್ನು ಕಂಡು ಅವ್ವ, "ನೌಕರಿ ಏನಾತೋ ತಮ್ಮಾ?" ಎಂದು ಕೇಳಿದಳು. ಐತಿ, ಆದರೆ ಈಗ ಇಲ್ಲ. ಮಳೆ ಬಂದಮೇಲೆ ಮತ್ತೆ ಬರಬಹುದು, ಬರದೆಯೂ ಇರಬಹುದು, ಅದು ತಾಸಿಕಾ ನೌಕರಿ ಎಂದೆ. ಅವ್ವ ಒಲೆಗೆ ಕಟ್ಟಿಗೆ ತಳ್ಳುತ್ತ ಇದನ್ನು ಅರಗಿಸಿಕೊಂಡಳು. ಮರುದಿನ ಮುಂಜಾನೆ ಕೊಟ್ಟಿಗೆಯ ಬಲ್ಬು ಮಿಣಕ್ ಮಿಣಕ್ ಎಂದು ಆರಿಹೋಯಿತು. "ಇದೂ ತಾಸಿಕಾ ಬಲ್ಬ ತಂದೀಯೇನ?" ಎಂದು ಒಳಗಿನಿಂದ ದನಿ ಬಂತು. ನಾನು ನಕ್ಕೆ. ನಗಬಾರದಿತ್ತು. ನಮ್ಮ ಜನಕ್ಕೆ ಹೆಸರಿಡುವುದು ರಕ್ತದಲ್ಲೇ ಬಂದದ್ದು; ಒಂದು ಹಿಂಡಿನಲ್ಲಿ ಕಿವಿ ಸಣ್ಣದಿದ್ದ ಕುರಿಗೆ ಒಂದು ಹೆಸರು, ಮೋರೆಯ ಮೇಲೆ ಮಚ್ಚೆ ಇದ್ದುದಕ್ಕೆ ಇನ್ನೊಂದು, ಒಮ್ಮೆ ಇಟ್ಟರೆ ಆ ಕುರಿ ಸಾಯುವತನಕ ಹೆಸರು ಬದಲಾಗುವುದಿಲ್ಲ. ಅಂಥವಳ ಬಾಯಿಗೆ ಹೊಸ ಶಬ್ದ ಸಿಕ್ಕಿತ್ತು. ನಗುವಿನ ರೂಪದಲ್ಲಿ ನನ್ನ ಮಂಜೂರಾತಿಯೂ ಸಿಕ್ಕಿತು.

ಅಲ್ಲಿಂದ ಮುಂದೆ ತಡೆಯಿರಲಿಲ್ಲ. ಹನಿ ಉದುರಿಸಿ ಓಡಿಹೋಗುವ ಮೋಡಕ್ಕೆ ತಾಸಿಕಾ ಮಳೆ. ಮನೆಗೆ ಬಂದು ಚಹಾ ಕುಡಿಯುವಷ್ಟು ಹೊತ್ತೂ ಕೂರದೆ ಎದ್ದು ಹೋಗುವ ಮಗಳಿಗೆ ತಾಸಿಕಾ ಮಗಳು. ಇದು ನನ್ನ ಅಕ್ಕ, ಅವಳು ಆ ಮಾತಿಗೆ ಸಿಟ್ಟಾಗಿ ಒಂದು ದೀಪಾವಳಿಗೆ ಬರಲೇ ಇಲ್ಲ. ಒಮ್ಮೆ ನಾನು ಪಾಠಕ್ಕೆ ತಯಾರಿ ಮಾಡುತ್ತಿದ್ದಾಗ ಅವ್ವ ಪುಸ್ತಕದಲ್ಲಿದ್ದ ಚಿತ್ರಗಳನ್ನು ನೋಡಿ, "ಇವರೆಲ್ಲ ಯಾರೋ, ಮೀಸಿ ಭಾಳ ಚಂದ ಅದಾವ," ಎಂದಳು. ರಾಜರು ಎಂದೆ. "ಈಗ ಎಲ್ಲದಾರ?" ಈಗೆಲ್ಲಿ, ಹೋದರು. ಇವರನ್ನು ಅವರು ಸೋಲಿಸಿದರು, ಅವರನ್ನು ಮತ್ತೊಬ್ಬರು. "ಅಂದ್ರ ಇವರೂ ತಾಸಿಕಾನ," ಎಂದು ಅವ್ವ ಜೋಳ ಹಸನು ಮಾಡಲು ಕೂತಳು. ನನ್ನ ವಿಷಯದ ಬಗ್ಗೆ ಇಷ್ಟು ಚುಟುಕಾದ ವ್ಯಾಖ್ಯಾನವನ್ನು ನಾನು ಯಾವ ಪ್ರಾಧ್ಯಾಪಕರಿಂದಲೂ ಕೇಳಿಲ್ಲ. ಕಾಯಂ ಪ್ರಾಧ್ಯಾಪಕರಿಂದಂತೂ ಇಲ್ಲವೇ ಇಲ್ಲ.

ಶಬ್ದ ಮನೆ ದಾಟಿ ಊರಿಗೆ ಹೋದದ್ದು ಶ್ರಾವಣದ ಪ್ರವಚನದಲ್ಲಿ. ಯಾವುದೋ ಮಠದಿಂದ ಬಂದಿದ್ದ ಸ್ವಾಮಿಗಳು, ಈ ದೇಹ ನಶ್ವರ, ಈ ಸಂಪತ್ತು ನಶ್ವರ ಎಂದು ಬಹಳ ಇಂಪಾಗಿ ಹೇಳುತ್ತಿದ್ದರು. ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೋ ಮುದುಕಿ, ನಶ್ವರ ಅಂದ್ರ ಏನವ್ವಾ ಎಂದು ಪಕ್ಕದವರನ್ನು ಕೇಳಿದಳು. ಪಕ್ಕದಲ್ಲಿ ಇದ್ದವಳು ನನ್ನ ಅವ್ವ. "ತಾಸಿಕಾ ಅಂತ," ಎಂದಳು. ಅವಳ ಪಿಸುಮಾತು ಅಡವಿಯಲ್ಲಿ ಕುರಿ ಕರೆದು ಪಳಗಿದ ಗಂಟಲಿನ ಪಿಸುಮಾತು. ಇಡೀ ಗುಡಿಗೆ ಕೇಳಿಸಿತು. ಇಷ್ಟು ದಿನ ತೂಕಡಿಸುತ್ತಿದ್ದ ಜನ ಒಮ್ಮೆಲೇ ಎಚ್ಚರಾಗಿ ತಲೆಯಾಡಿಸಿದರು. ಸ್ವಾಮಿಗಳು ಜಾಣರು. ಮರುದಿನ ಅವರೇ, "ಈ ದೇಹ ತಾಸಿಕಾ ಐತಿ ತಾಯಂದಿರಾ," ಎಂದು ಪ್ರಾರಂಭಿಸಿದರು. ಗುಡಿ ತುಂಬಿ ಹೊರಗೂ ಜನ ನಿಂತಿದ್ದರು. ನಾನು ಹಿಂದಿನ ಸಾಲಿನಿಂದ ಎದ್ದು ಮನೆಗೆ ಬಂದೆ. ನನ್ನ ಹುದ್ದೆಯ ಮೂಲಕ ಊರಿಗೆಲ್ಲ ವೈರಾಗ್ಯ ಬರುತ್ತಿರುವಾಗ ನಾನು ಅಲ್ಲಿ ಕೂತಿರುವುದು ಚಂದ ಕಾಣುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಬಸ್ಸಿನಲ್ಲಿ ಕಂಡಕ್ಟರ್ ನನ್ನೆದುರೇ ಒಬ್ಬ ಪ್ರಯಾಣಿಕನಿಗೆ, "ಆ ಸೀಟ ತಾಸಿಕಾ ಐತಿ, ಗಟ್ಟಿ ಹಿಡಕೊಂಡ ಕುಂದ್ರಿ," ಎಂದ. ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಅದೇ ನನ್ನ ನಿಜವಾದ ಕೀರ್ತಿ ಎಂದುಕೊಂಡೆ.

ಇಷ್ಟರತನಕ ಇದು ಬರೀ ತಮಾಷೆ. ಆದರೆ ನನಗೆ ಮದುವೆಯಾಗಬೇಕಿತ್ತು. ವಯಸ್ಸು ಮೂವತ್ತು ದಾಟಿ ಮುಂದೆ ಹೋಗುತ್ತಿತ್ತು, ಕೂದಲು ಹಿಂದೆ ಹೋಗುತ್ತಿತ್ತು. ನಮ್ಮ ಕಡೆ ಹೆಣ್ಣು ಕೊಡುವವರು ಕೇಳುವ ಮೊದಲ ಪ್ರಶ್ನೆ, ಹುಡುಗ ಕಾಯಂ ಅದಾನೇನ್ರಿ. ಗುಣ, ರೂಪ, ಓದು, ಇವೆಲ್ಲ ಕಾಯಂ ಎಂಬ ಎರಡಕ್ಷರದ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಬಂದ ಸಂಬಂಧಗಳೆಲ್ಲ ಊರ ಬಸ್ ಸ್ಟ್ಯಾಂಡಿನಿಂದಲೇ ತಿರುಗಿಹೋಗುತ್ತಿದ್ದವು, ಏಕೆಂದರೆ ಅಲ್ಲಿ ಪಾನ್ ಅಂಗಡಿಯಲ್ಲಿ ವಿಚಾರಿಸಿದರೆ, "ತಾಸಿಕಾ ಸರ್ ಮನಿ ಏನ್ರಿ? ಹಿಂಗ ಸೀದಾ ಹೋಗ್ರಿ," ಎಂದು ಬಹಳ ಪ್ರೀತಿಯಿಂದ ದಾರಿ ತೋರಿಸುತ್ತಿದ್ದರು. ಕಡೆಗೆ ನನ್ನ ಸೋದರಮಾವ ವಳಸಂಗದ ಒಂದು ಸಂಬಂಧ ತಂದ. ಮಾವ ಕುರಿ ವ್ಯಾಪಾರ ಮಾಡಿದವನು. ಮಾಲಿನ ಹಲ್ಲು ತೋರಿಸದೆ ಮಾಲು ಸಾಗಿಸುವುದು ಅವನಿಗೆ ಗೊತ್ತು. ಹುಡುಗಿಯ ಹೆಸರು ರೇಣುಕಾ, ಸರಕಾರಿ ದವಾಖಾನೆಯಲ್ಲಿ ನರ್ಸ್. ಹುಡುಗ ಕಾಲೇಜಿನಲ್ಲಿ ಪ್ರಾಧ್ಯಾಪಕ ಎಂದಷ್ಟೇ ಹೇಳಿ ಮಾವ ಬಾಯಿ ಮುಚ್ಚಿಕೊಂಡಿದ್ದ. "ಅಳಿಯಾ, ಸುಳ್ಳು ಹೇಳಿಲ್ಲ. ಖರೇನ ಒಂದ ಕಡಿಯಿಂದ ಹೇಳೀನಿ," ಎಂದ. ಅವರು ಮನೆ ನೋಡಲು ಬರುವುದಾಗಿ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಭಯಕ್ಕೆ ಮಾವ ತಾನೇ ಜೀಪು ಮಾಡಿಕೊಂಡು, ಪಾನ್ ಅಂಗಡಿ ತಪ್ಪಿಸಿ, ಹೊಲಗಳ ನಡುವಿನ ದಾರಿಯಿಂದ ಅವರನ್ನು ಕರೆತರುವ ಏರ್ಪಾಡು ಮಾಡಿದ.

ಇನ್ನು ಉಳಿದದ್ದು ಅವ್ವನ ಬಾಯಿ. ಹಿಂದಿನ ದಿನ ನಾನು ಮನೆಯಲ್ಲಿ ಸಭೆ ಕರೆದೆ. ಆ ಶಬ್ದ ನಾಳೆ ಯಾರ ಬಾಯಿಂದಲೂ ಬರಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅಪ್ಪ ತಲೆಯಾಡಿಸಿದ, ಅವನಿಗೆ ಮಾತಾಡಬೇಡ ಎನ್ನುವುದು ವರ ಕೊಟ್ಟಂತೆ. ಅವ್ವನಿಗೆ ಸಮಾಧಾನವಾಗಲಿಲ್ಲ.

"ಹಂಗಾರ ಏನನ್ನಲಿ?"

"ಏನೂ ಅನಬ್ಯಾಡ. ಕೆಟ್ಟ ಸಾಮಾನಿನ ಮಾತಽ ತಗೀಬ್ಯಾಡ."

"ನಮ್ಮ ಮನ್ಯಾಗ ಕೆಡಲಾರದ್ದು ಯಾವುದೈತೋ? ಬಂದವರ ಮುಂದ ಮೂಕ ಬಸವಣ್ಣನಂಗ ಕುಂದರಲೇನು?"

"ಬ್ಯಾರೆ ಮಾತ ಆಡು. ಏನರೆ ಅನ್ನು, ಅದೊಂದ ಅನಬ್ಯಾಡ. ನನ್ನ ಜೀವನದ ಪ್ರಶ್ನಿ ಐತಿ."

ಜೀವನದ ಪ್ರಶ್ನಿ ಎಂದದ್ದು ಅವ್ವನಿಗೆ ನಾಟಿತು. ಸೆರಗು ಸರಿಮಾಡಿಕೊಂಡು, "ಆತು. ಸತ್ರೂ ಅನ್ನೂದಿಲ್ಲ," ಎಂದಳು. ಅವಳು ಮಾತಿಗೆ ತಪ್ಪುವವಳಲ್ಲ. ಅದೇ ಮರುದಿನದ ಅನಾಹುತಕ್ಕೆ ಕಾರಣವಾಯಿತು.

ಹುಡುಗಿಯ ಅಪ್ಪ, ಅವ್ವ, ಜೊತೆಗೆ ಅವಲಕ್ಕಿ ತಿನ್ನಲೆಂದೇ ಬಂದಂತಿದ್ದ ಇಬ್ಬರು ಹಿರಿಯರು, ಮಾವನ ಸಂಗಡ ಜೀಪಿನಿಂದ ಇಳಿದರು. ಅಪ್ಪ, "ಬರ್ರಿ, ಕುಂದ್ರಿ," ಎಂದು ತನ್ನ ಅಂದಿನ ಮಾತು ಮುಗಿಸಿದ. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯೂ ಇತ್ತು. ಹುಡುಗಿಯ ಅಪ್ಪ ಗಟ್ಟಿ ಆಳು. ಮನೆಯ ಮರ್ಯಾದೆಗೆಂದು ಇಟ್ಟಿದ್ದ ಆ ಕುರ್ಚಿಯ ಕಡೆಗೇ ತಿರುಗಿದರು. ಅದರ ಹಿಂದಿನ ಕಾಲಿಗೆ ತಂತಿ ಸುತ್ತಿದ್ದುದು ನಮಗೆ ಮಾತ್ರ ಗೊತ್ತು.

"ಅದರ ಮ್ಯಾಲ ಬ್ಯಾಡ್ರಿ ಅಣ್ಣಾರ, ಕಂಬಳಿ ಮ್ಯಾಲ ಬರ್ರಿ," ಎಂದಳು ಅವ್ವ.

"ಯಾಕ್ರಿ, ಚಲೋ ಐತೆಲ್ಲ?"

"ನೋಡಾಕ ಚಲೋ ಐತ್ರಿ. ಆದ್ರ ಅದು..." ಅವ್ವನ ತುಟಿಯ ತುದಿಗೆ ಆ ಶಬ್ದ ಬಂದು ನಿಂತದ್ದು ನನಗೆ ಕಂಡಿತು. ನಾನು ಕಣ್ಣು ದೊಡ್ಡದು ಮಾಡಿದೆ. ಅವಳು ಶಬ್ದವನ್ನು ನುಂಗಿದಳು, ಹುಡುಕಿದಳು, ಸಿಕ್ಕಿತು. "ಅದು ಸ್ವಲ್ಪ ನಮ್ಮ ಮಾಳಪ್ಪನಂಗ ಐತ್ರಿ."

ಮಾಳಪ್ಪ ಎಂದರೆ ನಾನು. ಹುಡುಗಿಯ ಅಪ್ಪ ಅರ್ಧ ಬಗ್ಗಿದವರು ಹಾಗೆಯೇ ನಿಂತು ಒಮ್ಮೆ ಕುರ್ಚಿಯನ್ನೂ ಒಮ್ಮೆ ನನ್ನನ್ನೂ ನೋಡಿದರು. ಆಮೇಲೆ ಕಂಬಳಿಯ ಮೇಲೆ ಕೂತರು. ಅವ್ವ ನನ್ನ ಕಡೆ ನೋಡಿದ ನೋಟದಲ್ಲಿ ಪರೀಕ್ಷೆ ಪಾಸಾದ ವಿದ್ಯಾರ್ಥಿಯ ಹೆಮ್ಮೆಯಿತ್ತು. ಮಾತು ಉಳಿಸಿಕೊಂಡಿದ್ದಳಲ್ಲ. ಅವಳಿಗೆ ದಾರಿ ಸಿಕ್ಕಿಬಿಟ್ಟಿತು. ಇನ್ನು ಅವಳನ್ನು ಹಿಡಿಯುವವರು ಯಾರು? ಫ್ಯಾನು ಹಾಕಿದಾಗ, ತಿರುಗುತೈತ್ರಿ, ಆದ್ರ ಮಾಳಪ್ಪನಂಗ, ಭರವಸಾ ಇಲ್ಲ ಎಂದಳು. ಹಿತ್ತಲಿನ ಕೈ ತೊಳೆಯುವ ನಳದ ಬಗ್ಗೆ ಕೇಳಿದರೆ, ಅದೂ ನಮ್ಮ ಮಾಳಪ್ಪನ ಗತಿನ, ಮಳಿಗಾಲದಾಗ ಚಲೋ ಇರತೈತಿ, ಬ್ಯಾಸಗಿ ಬಂತಂದ್ರ ಮುಗೀತು ಎಂದಳು. ಮಾವ ಅವಲಕ್ಕಿಯ ತಾಟಿನಲ್ಲಿ ಮುಖ ಇಟ್ಟು ಕೂತಿದ್ದ. ನಾನು ಗೋಡೆಯ ಮೇಲಿನ ಕರಿ ನಿಲುವಂಗಿಯ ನನ್ನನ್ನೇ ನೋಡುತ್ತಿದ್ದೆ. ಆಗ ಕರೆಂಟು ಹೋಯಿತು.

"ಇದೊಂದು," ಎಂದಳು ಅವ್ವ ಬೀಸಣಿಕೆ ತರುತ್ತ. "ನಮ್ಮ ಕಡಿ ಕರೆಂಟೂ ಥೇಟ ಮಾಳಪ್ಪನಂಗ ನೋಡ್ರಿ ಯಕ್ಕಾ. ಇದ್ದಾಗ ಮನಿ ತುಂಬ ಬೆಳಕ. ಯಾವಾಗ ಹೋಗತೈತಿ, ಯಾರಿಗೂ ಹೇಳಾಕ ಬರೂದಿಲ್ಲ."

ಹಿರಿಯರಿಬ್ಬರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಹುಡುಗಿಯ ಅವ್ವ ಸೆರಗಿನಿಂದ ಕಣ್ಣಂಚು ಒರೆಸಿಕೊಂಡು, ನನ್ನ ಅವ್ವನ ಹತ್ತಿರಕ್ಕೆ ಸರಿದು, ಅವಳ ಕೈ ಹಿಡಿದುಕೊಂಡರು.

"ಇಷ್ಟ ಸಣ್ಣ ವಯಸ್ಸಿನ್ಯಾಗ ಹಿಂಗ ಆಗಬಾರದಿತ್ರಿ ಯಕ್ಕಾ. ಮಿರಜಿಗೆ ಕರಕೊಂಡ ಹೋಗಿದ್ರೇನು?"

ನಮ್ಮ ಕಡೆಯಲ್ಲಿ ಮಿರಜಿಗೆ ಕರೆದುಕೊಂಡು ಹೋಗುವುದೆಂದರೆ ದೊಡ್ಡ ಆಸ್ಪತ್ರೆಗೆ ಸೇರಿಸುವುದು ಎಂದೇ ಅರ್ಥ. ಅವ್ವನಿಗೆ ಮಾತ್ರ ನನ್ನ ಸಂದರ್ಶನಗಳ ಹೊರತು ಮಿರಜಿನ ನೆನಪಿಲ್ಲ. "ಹೋಗಿದ್ದನ್ರಿ. ಮಿರಜಿಗೆ ಹೋದ, ಸಾಂಗಲಿಗೆ ಹೋದ, ಸೊಲ್ಲಾಪುರಕ್ಕೂ ಹೋಗಿ ಬಂದ. ದೊಡ್ಡ ದೊಡ್ಡವರು ಕುಂತಿದ್ರಂತ. ಕಾಗದ ಎಲ್ಲಾ ತಿರುವಿ ನೋಡಿದ್ರು. ಸದ್ಯಕ್ಕ ಏನೂ ಮಾಡಾಕ ಬರೂದಿಲ್ಲ, ಮುಂದಿನ ವರ್ಷ ನೋಡೂಣು ಅಂದ್ರಂತ್ರಿ."

"ಮುಂದಿನ ವರ್ಷತನ ಇರತಾನಂತೇನ್ರಿ?"

"ಮಾರ್ಚತನ ಅಂತೂ ಇರತಾನ್ರಿ," ಎಂದಳು ಅವ್ವ ಭರವಸೆಯಿಂದ.

ಹುಡುಗಿಯ ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಒಳ್ಳೆಯ ಮನುಷ್ಯರು, ಸಿಟ್ಟಾಗಲಿಲ್ಲ. ಮಾವನ ಕಡೆ ತಿರುಗಿ ಮೆಲ್ಲಗೆ, "ಮೊದಲ ಒಂದ ಮಾತ ಹೇಳಬೇಕಿತ್ತು ಮಾರಾಯ. ಜಡ್ಡು ಯಾವುದು? ರಕ್ತದ್ದೇನು?" ಎಂದು ಕೇಳಿದರು. ನಾನು ಗಟ್ಟಿಮುಟ್ಟಾಗಿದ್ದೇನೆ ಎಂದು ತೋರಿಸಲು ಎದ್ದು ನಿಂತೆ. ನಿಂತ ರಭಸಕ್ಕೆ ಬಾಗಿಲ ಚೌಕಟ್ಟಿನ ಮೊಳೆಗೆ ತೋಳು ತಾಗಿ ಅಂಗಿ ಹರಿಯಿತು, ನನಗೆ ಕೆಮ್ಮು ಬಂತು. "ಕುಂದರಪಾ, ಕುಂದರು, ತ್ರಾಸ ತಗೋಬ್ಯಾಡ," ಎಂದು ಹಿರಿಯರಿಬ್ಬರೂ ಒಟ್ಟಿಗೆ ಕೈ ಮಾಡಿದರು. ಅವರು ಬಂದಮೇಲೆ ಆಡಿದ ಮೊದಲ ಮಾತು ಅದು.

ಮಾವನಿಗೆ ಬೇರೆ ದಾರಿ ಉಳಿಯಲಿಲ್ಲ. ಸಾಯುವ ಮಾಲೆಂದು ಹೆಸರು ಬಿದ್ದ ಮೇಲೆ ಹಲ್ಲು ತೋರಿಸಲೇಬೇಕು. "ಜಡ್ಡ ಗಿಡ್ಡ ಏನೂ ಇಲ್ರಿ. ಉಂಡು ತಿಂದು ಗುಂಡಕಲ್ಲಿನಂಗ ಅದಾನ. ನೌಕರಿ ಅಷ್ಟ... ತಾಸಿಕಾ ಐತ್ರಿ. ಬ್ಯಾಸಗ್ಯಾಗ ಇರೂದಿಲ್ಲ, ಮಳಿಗಾಲದಾಗ ಮತ್ತ ತಗೋತಾರ," ಎಂದು ಒಂದೇ ಉಸಿರಿಗೆ ಹೇಳಿ ನೀರಿನ ತಂಬಿಗೆ ಎತ್ತಿಕೊಂಡ.

ನಾನು ಕಣ್ಣು ಮುಚ್ಚಿದೆ. ಎಲ್ಲರೂ ಎದ್ದು ಚಪ್ಪಲಿ ಮೆಟ್ಟುವ ಸದ್ದಿಗೆ ಕಾದೆ. ಬಂದದ್ದು ಹುಡುಗಿಯ ಅವ್ವನ ನಗು. "ಅಯ್ಯ ಶಿವನ, ಅಷ್ಟ ಏನ್ರಿ? ನನ್ನ ಜೀವ ಬಾಯಿಗೆ ಬಂದಿತ್ತು." ಹುಡುಗಿಯ ಅಪ್ಪ ಮತ್ತೆ ಟೋಪಿ ಹಾಕಿಕೊಂಡರು. ಒಂದು ಚಹಾ ಕುಡಿಯುವ ಹೊತ್ತಿಗೆ ಮೊದಲು ಇದೇ ಸುದ್ದಿ ಗೊತ್ತಾಗಿದ್ದರೆ ಅವರು ಖಂಡಿತ ಎದ್ದು ಹೋಗುತ್ತಿದ್ದರು. ಆದರೆ ಅವರ ಪಾಲಿಗೆ ನಾನು ಈಗಷ್ಟೇ ಸತ್ತು ಬದುಕಿದ್ದೆ. ಬದುಕಿದವನು ಕಾಯಂ ಇದ್ದಾನೋ ಇಲ್ಲವೋ ಎಂದು ಯಾರು ಕೇಳುತ್ತಾರೆ? ಆ ಸಮಾಧಾನದಲ್ಲಿ ಹುಡುಗಿಯ ಅವ್ವನ ನಾಲಗೆಯೂ ಸಡಿಲವಾಯಿತು. ಗಂಡನನ್ನು ಒಮ್ಮೆ ನೋಡಿ, "ಅವರು ಖರೆ ಹೇಳಿದ ಮ್ಯಾಲ ನಾವೂ ಹೇಳಿಬಿಡೂಣಂತ. ನಮ್ಮ ಹುಡಿಗಿ ಸರಕಾರಿ ನರ್ಸ ಖರೆ, ಆದ್ರ ಕಂತ್ರಾಟಿ ಅದಾಳ್ರಿ. ವರ್ಷಾ ವರ್ಷಾ ಆರ್ಡರ ಹೊಸಾದು ಆಗಬೇಕು," ಎಂದರು. ಮಾವ ನೀರು ಕುಡಿಯುವುದನ್ನು ನಿಲ್ಲಿಸಿದ. ಖರೇನ ಒಂದ ಕಡಿಯಿಂದ ಹೇಳುವ ವ್ಯಾಪಾರ ವಳಸಂಗದಲ್ಲೂ ನಡೆಯುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

ಮುಂದಿನ ವಾರ ನಾವು ಹುಡುಗಿ ನೋಡಲು ವಳಸಂಗಕ್ಕೆ ಹೋದೆವು. ದಾರಿಯಲ್ಲಿ ಮಾವ ಹೊಸ ಎಚ್ಚರಿಕೆ ಕೊಟ್ಟ. ಬೇಸಿಗೆಯಲ್ಲಿ ಏನು ಮಾಡುತ್ತೀ ಎಂದು ಕೇಳಿದರೆ ಸಂಶೋಧನೆ ಎಂದು ಹೇಳಬೇಕು, ಕುರಿ ಎಂಬ ಮಾತು ಬರಬಾರದು. ನಮ್ಮ ಕಡೆಯ ಪದ್ಧತಿಯಂತೆ ಹಿರಿಯರು ಹುಡುಗಿಗೆ ಹೆಸರು, ಓದು, ಅಡುಗೆ ಎಲ್ಲ ಕೇಳಿದರು. ಆಮೇಲೆ ಪದ್ಧತಿಯಂತೆಯೇ, "ನಿಂದೇನರೆ ಕೇಳೂದೈತೇನವ್ವಾ?" ಎಂದರು. ಇದು ಉತ್ತರ ಬೇಕೆಂದು ಕೇಳುವ ಪ್ರಶ್ನೆಯಲ್ಲ. ಹುಡುಗಿ ಇಲ್ಲವೆಂದು ತಲೆಯಾಡಿಸಬೇಕು, ಚಹಾದ ಕಪ್ಪುಗಳನ್ನು ಎತ್ತಬೇಕು. ರೇಣುಕಾ ತಲೆಯಾಡಿಸಲಿಲ್ಲ. ಸೀದಾ ನನ್ನ ಕಡೆ ನೋಡಿದಳು.

"ಆರ್ಡರ ಇಲ್ಲದಾಗ ಏನ್ ಮಾಡ್ತೀರಿ?"

ಮಾವ ನನ್ನ ಕಾಲು ತುಳಿದ. ಸಂಶೋಧನೆ ಎಂಬ ಮಾತು ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಮನೆಯಲ್ಲಿ ಒಂದು ಶಬ್ದ ಬಚ್ಚಿಡಲು ಹೋಗಿ ನಾನು ಸತ್ತೇ ಹೋಗಿದ್ದೆನಲ್ಲ. ಎರಡನೆಯ ಬಾರಿ ಸಾಯಲು ಮನಸ್ಸಾಗಲಿಲ್ಲ. "ಕುರಿ ಕಾಯ್ತೀನಿ," ಎಂದೆ. "ಅಪ್ಪನ ಸಂಗಡ ಹೋಗತೀನಿ. ರೈತರ ಹೊಲದಾಗ ಗೊಬ್ಬರಕ್ಕಂತ ರಾತ್ರಿ ಕುರಿ ತರುಬಿ ನಿಲ್ಲಸತೀವಿ. ಎಂ.ಎ. ಮಾಡೀನಿ, ಕುರೀನೂ ಕಾಯ್ತೀನಿ. ರಸ್ತಾದಾಗ ವಿದ್ಯಾರ್ಥಿಗಳು ಸಿಕ್ಕು ನಮಸ್ಕಾರ ಸರ್ ಅಂತಾರ. ಬಡಿಗಿ ಈ ಕೈಯಿಂದ ಆ ಕೈಗೆ ತಗೊಂಡು ನಮಸ್ಕಾರ ಮಾಡತೀನಿ." ಹೇಳಿ ಮುಗಿಸಿದಾಗ ನನ್ನ ದನಿ ಕಾಲೇಜಿನ ಕೊನೆಯ ಬೆಂಚಿಗೆ ಕೇಳುವಷ್ಟು ಏರಿತ್ತು.

"ಕುರಿ ನಿಮ್ಮವ ಏನ್ರಿ?"

"ನಮ್ಮವ."

"ವರ್ಷಾ ವರ್ಷಾ ಅರ್ಜಿ ಹಾಕಬೇಕೇನ್ರಿ ಅವಕ್ಕ?"

"ಇಲ್ಲ."

"ಹಂಗಾರ ಆತು," ಎಂದು ಅವಳು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನ ಜೀವನದಲ್ಲಿ ಇಷ್ಟು ಚಿಕ್ಕ ಸಂದರ್ಶನ ಮತ್ತೊಂದಾಗಿಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ಕೊಡಬೇಕಾಗದ್ದೂ ಇದೊಂದೇ.

ಮದುವೆಯಾದ ಮೇಲೆ ಆ ಶಬ್ದ ಸಾಯುತ್ತದೆ ಎಂದುಕೊಂಡಿದ್ದೆ. ಅದು ಜೋಡಿ ಕಟ್ಟಿಕೊಂಡಿತು. ರೇಣುಕಾಳ ತವರಿನಲ್ಲಿ ಬಾಳಿಕೆ ಬಾರದ ಸಾಮಾನಿಗೆ ಕಂತ್ರಾಟಿ ಎನ್ನುತ್ತಾರಂತೆ. ತವರಿನಿಂದ ತಂದ ಪಾತ್ರೆಗಳ ಜೊತೆ ಅದೂ ಬಂತು. ಅತ್ತೆ ಸೊಸೆ ಇಬ್ಬರೂ ಕೂತು ಎರಡಕ್ಕೂ ಗಡಿ ಹಾಕಿದರು. ಆಗಾಗ ಬಂದು ಹೋಗುವುದು ತಾಸಿಕಾ. ಚಲೋ ನಡೆಯುತ್ತಿದ್ದು ಮುನ್ಸೂಚನೆ ಕೊಡದೆ ಕೈಕೊಡುವುದು ಕಂತ್ರಾಟಿ. ಈ ಪ್ರಕಾರ ನಳದ ನೀರು ತಾಸಿಕಾ, ಮಿಕ್ಸರ್ ಕಂತ್ರಾಟಿ. ಪುಢಾರಿಗಳು ಯಾವ ಪಟ್ಟಿಗೆ ಎಂಬ ಬಗ್ಗೆ ಒಂದು ಸಂಜೆ ಇಡೀ ಚರ್ಚೆ ನಡೆಯಿತು. ಚುನಾವಣೆಗೆ ಮುಂಚೆ ತಾಸಿಕಾ, ಆಮೇಲೆ ಕಂತ್ರಾಟಿ ಎಂದು ಅಪ್ಪ ತೀರ್ಪು ಕೊಟ್ಟ. ಸೊಸೆ ಬಂದಮೇಲೆ ಅಪ್ಪನೂ ಮಾತಾಡತೊಡಗಿದ್ದ.

ಮೊನ್ನೆ ರೇಣುಕಾ ದವಾಖಾನೆಯಿಂದ ಬಹಳ ಖುಷಿಯಲ್ಲಿ ಬಂದಳು. ಅವಳ ಆದೇಶ ಮತ್ತೆ ಹೊಸದಾಗಿತ್ತು. ನಾನು ಆ ಹೊತ್ತಿಗೆ ಯಾವುದೋ ಅರ್ಜಿಗೆ ಫೋಟೋ ಅಂಟಿಸುತ್ತಿದ್ದೆ. ತಲೆ ಎತ್ತದೆ, "ಕಂತ್ರಾಟಿನ ಅಲ್ಲ, ಅದಕ್ಕೇನ ಇಷ್ಟ ಹಿಗ್ಗತಿ," ಎಂದೆ. ಇಷ್ಟು ವರ್ಷ ಊರು ನನಗೆ ಹೇಳಿದ್ದನ್ನೇ ನಾನು ಇನ್ನೊಬ್ಬರಿಗೆ ಹೇಳಲು ಅವಕಾಶ ಸಿಕ್ಕಿದ್ದು ಅದೇ ಮೊದಲು; ಬಿಡಲು ಮನಸ್ಸಾಗಲಿಲ್ಲ ಎಂದು ಕಾಣುತ್ತದೆ. ರೇಣುಕಾ ಪೇಢೆಯ ಪೊಟ್ಟಣವನ್ನು ದೇವರ ಮುಂದಿಟ್ಟಳು. ಅವ್ವನಿಗೆ ಕೊಟ್ಟಳು, ಅಪ್ಪನಿಗೆ ಕೊಟ್ಟಳು, ಪಕ್ಕದ ಮನೆಗೂ ಕೊಟ್ಟುಬಂದಳು. ನನ್ನ ಮುಂದೆ ಹಾದುಹೋಗುವಾಗ ಪೊಟ್ಟಣ ಮಡಚಿದಳು. ಅಲ್ಲಿಂದ ಮುಂದೆ ಮಾತಿಲ್ಲ.

ಅಡುಗೆಮನೆಯಲ್ಲಿ ಅವ್ವ ಅವಳನ್ನು ಸಮಾಧಾನ ಮಾಡುತ್ತಿರುವುದು ಕೇಳಿಸಿತು. ಮಗನ ಮಾನ ಕಾಪಾಡಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. "ಅವನ ಮಾತ ಮನಸಿಗೆ ಹಚ್ಕೋಬ್ಯಾಡವ್ವಾ. ಅವನ ಶಾಣ್ಯಾತನಾನೂ ತಾಸಿಕಾ, ಸೊಕ್ಕೂ ತಾಸಿಕಾ. ಸಂಜೀಕ ತಾನಽ ಬಂದು ಮಾತಾಡಸ್ತಾನ. ನಿನ್ನ ಸಿಟ್ಟೇನು, ಕಂತ್ರಾಟಿ ಹೌದಲ್ಲ?"

"ಇಲ್ರಿ ಅತ್ತಿ," ಎಂದಳು ರೇಣುಕಾ. "ನಂದು ಕಾಯಂ."

ಹೊರಗೆ ಅಪ್ಪ ಜೋರಾಗಿ ನಕ್ಕ. ಕಾಯಂ ಎಂಬ ಮಾತು ನಮ್ಮ ಮನೆಯೊಳಗೆ ಒಂದು ದಿನ ಕೇಳಿಬರಲಿ ಎಂದು ನಾನು ಮಿರಜಿನಿಂದ ಸೊಲ್ಲಾಪುರದವರೆಗೆ ಹಾಕದ ಅರ್ಜಿಯಿಲ್ಲ. ಅಂತೂ ಕೇಳಿಬಂತು. ಆದೇಶ ಅಂದೇ ಜಾರಿಗೆ ಬಂದು ನನ್ನ ಹಾಸಿಗೆ ಪಡಸಾಲೆಗೆ ವರ್ಗವಾಗಿದೆ. ಇದನ್ನು ಅಲ್ಲಿ ಕೂತೇ ಬರೆಯುತ್ತಿದ್ದೇನೆ. ಒಳಗೆ ಬಳೆ ಸದ್ದಾಗುತ್ತಿದೆ, ಉಳಿದ ಪೇಢೆಗಳೂ ಒಳಗೇ ಇವೆ. ಕಾಯಂ ಸಿಟ್ಟಿಗೆ ನಿವೃತ್ತಿಯ ವಯಸ್ಸು ಎಷ್ಟೆಂದು ಕೇಳಬೇಕು, ಆದರೆ ಕೇಳಲು ಮೊದಲು ಅವಳೇ ಮಾತಾಡಿಸಬೇಕು.